ಮೊದಲ ಕ್ರೂಸರ್ ಬೈಕ್: 155 ಸೆಂ.ಮೀ. ಎತ್ತರದ ನನಗೆ ಯಾವುದು ಸರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಎಂಟು ವರ್ಷದಿಂದ ಸ್ಕೂಟರ್ ಓಡಿಸುತ್ತಿದ್ದೇನೆ, ಗೇರ್ ಬೈಕ್ ಕಲಿತು ಎರಡೂವರೆ ತಿಂಗಳಾಯಿತು. ಲೈಸೆನ್ಸ್ ಸಿಕ್ಕಿದೆ. ಹೆಲ್ಮೆಟ್, ಜಾಕೆಟ್, ಕಾಲಿನ ಗಂಟು ಮುಚ್ಚುವ ಬೂಟು ಎಲ್ಲಾ ತಗೊಂಡಾಯಿತು. ಬೈಕ್ ಒಂದೇ ಬಾಕಿ.

ನನಗೆ ಕ್ರೂಸರ್ ಬೈಕೇ (ತಗ್ಗು ಸೀಟಿನ, ದೂರದ ಸವಾರಿಗೆ ಆರಾಮವಾದ ಬೈಕ್) ಬೇಕು. ನೆಟ್ಟಗೆ ಆರಾಮವಾಗಿ ಕೂತು ದಿನಕ್ಕೆ 200 ಕಿ.ಮೀ. ಹೋಗಿ ಬರುವ ಆಸೆ. ಜೋರಾಗಿ ಓಡಿಸುವ ಆಸೆ ಇಲ್ಲ.

ನನ್ನ ಎತ್ತರ 155 ಸೆಂ.ಮೀ., ತೂಕ 54 ಕೆ.ಜಿ. ಗೋಡೆಗೆ ಒರಗಿ ನಿಂತು, ಕಾಲ ಸಂದಿಗೆ ದಪ್ಪ ಪುಸ್ತಕ ಹಿಡಿದು ಅಳೆದೆ. ಕಾಲಿನ ಒಳ ಅಳತೆ 70 ಸೆಂ.ಮೀ. ಬಂತು. ಮನಸ್ಸಿನಲ್ಲಿರುವುದು ಮೂರು ಬೈಕ್: ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 (ಸೀಟು 765 ಮಿ.ಮೀ., 191 ಕೆ.ಜಿ.), ಹೋಂಡಾ ರೆಬೆಲ್ 500 (690 ಮಿ.ಮೀ., ಸುಮಾರು 190 ಕೆ.ಜಿ.), ಕವಾಸಾಕಿ ವಲ್ಕನ್ ಎಸ್ (705 ಮಿ.ಮೀ., ಆದರೆ 225 ಕೆ.ಜಿ.ಗೂ ಜಾಸ್ತಿ).

ಭಯ ಏನು ಅಂದರೆ, ಕಲಿಯುವಾಗ ಒಂದು ದಿನ ಯೂ ಟರ್ನ್‌ನಲ್ಲಿ ಬೈಕ್ ಬೀಳಿಸಿದೆ. ನಡೆದು ಹೋಗುವಷ್ಟೇ ವೇಗ ಇತ್ತು. ಹ್ಯಾಂಡಲ್ ಪೂರ್ತಿ ತಿರುಗಿತ್ತು, ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದುಬಿಟ್ಟೆ. ಅದು 140 ಕೆ.ಜಿ. ಬೈಕ್. ಎಷ್ಟು ಎಳೆದರೂ ಎತ್ತಲು ಆಗಲಿಲ್ಲ. ಕಲಿಸುವವರು ಬಂದು ಎತ್ತಿ ನಿಲ್ಲಿಸಿ, ‘ನಿಮಗೆ ಸ್ಕೂಟರೇ ಸಾಕು’ ಅಂದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. 140 ಕೆ.ಜಿ. ಎತ್ತಲಾಗದವಳು 190 ಕೆ.ಜಿ. ಹೇಗೆ ಸಂಭಾಳಿಸಲಿ?

ಗೆಳೆಯರದ್ದು ಇನ್ನೊಂದು ಮಾತು. ‘ಚಿಕ್ಕದು ತಗೊಂಡರೆ ಆರು ತಿಂಗಳಿಗೇ ಬೇಜಾರಾಗುತ್ತೆ, ಒಂದೇ ಸಲ ದೊಡ್ಡದು ತಗೋ’ ಅಂತಾರೆ. ಸೀಟಿನ ಎತ್ತರ ನೋಡಬೇಕಾ, ತೂಕ ನೋಡಬೇಕಾ, ಸಿಸಿ ನೋಡಬೇಕಾ? ಮುಖ್ಯವಾಗಿ ಹೆಣ್ಣುಮಕ್ಕಳು ಹೇಳಿ.

ಉತ್ತರ 1

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಮೊದಲ ವರ್ಷ ನೆನಪಾಯಿತು. ನಾನು ನಿಮಗಿಂತ 2 ಸೆಂ.ಮೀ. ಗಿಡ್ಡ. ಕ್ರೂಸರ್ ಓಡಿಸಲು ಶುರುಮಾಡಿ 11 ವರ್ಷ ಆಯಿತು.

ನನಗೂ ‘ದೊಡ್ಡದೇ ತಗೋ’ ಅಂದವರಿದ್ದರು. ತಗೊಂಡೆ, ಸುಮಾರು 250 ಕೆ.ಜಿ. ಗಾಡಿ. ಅಂಗಡಿಯಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಿತ್ತು. ಇನ್ನೇನು ಬೇಕು ಅನ್ನಿಸಿತ್ತು. ಕಷ್ಟ ಶುರುವಾಗಿದ್ದು ಆಮೇಲೆ. ಮೊದಲ ವಾರವೇ ಸ್ವಲ್ಪ ಇಳಿಜಾರಿನಲ್ಲಿ, ಮುಂದಿನ ಚಕ್ರ ತಗ್ಗಿನ ಕಡೆಗೆ ಮಾಡಿ ನಿಲ್ಲಿಸಿದೆ. ವಾಪಸ್ ಹಿಂದಕ್ಕೆ ತಳ್ಳಲು ಆಗಲೇ ಇಲ್ಲ. ಇಬ್ಬರನ್ನು ಕರೆದು ತಳ್ಳಿಸಿದೆ.

ಅದಕ್ಕಿಂತ ದೊಡ್ಡ ತೊಂದರೆ ಹ್ಯಾಂಡಲ್‌ನದ್ದು. ಇದನ್ನು ಯಾರೂ ಹೇಳುವುದಿಲ್ಲ. ಅಗಲ ಹ್ಯಾಂಡಲ್, ಮುಂದಕ್ಕಿದ್ದ ಫುಟ್‌ರೆಸ್ಟ್. ಎಡಕ್ಕೆ ಪೂರ್ತಿ ತಿರುಗಿಸಿದರೆ ನನ್ನ ಬಲಗೈ ಎಷ್ಟು ಚಾಚಿದರೂ ಆಕ್ಸಿಲರೇಟರ್ ಬೆರಳ ತುದಿಗಷ್ಟೇ ಸಿಗುತ್ತಿತ್ತು. ಅಂಥದ್ದರಲ್ಲಿ ಯೂ ಟರ್ನ್ ಹೇಗೆ ಹೊಡೆಯೋದು, ಹೇಳಿ? ಏಳು ತಿಂಗಳಲ್ಲಿ ಬರೀ 900 ಕಿ.ಮೀ. ಓಡಿಸಿದೆ. ಆಸೆಪಟ್ಟು ತಂದ ಗಾಡಿ ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಮಾರಿ, ಸೆಕೆಂಡ್ ಹ್ಯಾಂಡ್ 250 ಸಿಸಿ ಕ್ರೂಸರ್ ತಗೊಂಡೆ. ನಿಜವಾಗಿ ಓಡಿಸಲು ಕಲಿತಿದ್ದು ಅದರಲ್ಲೇ. ಮೂರು ವರ್ಷ ಇಟ್ಟುಕೊಂಡಿದ್ದೆ, ಒಂದು ದಿನವೂ ಬೇಜಾರಾಗಲಿಲ್ಲ.

ಹಾಗಾಗಿ ಅಂಗಡಿಗೆ ಹೋದಾಗ ಸುಮ್ನೆ ಕೂತು ಎದ್ದು ಬರಬೇಡಿ. ನಿಮ್ಮ ಬೂಟನ್ನೇ ಹಾಕಿಕೊಂಡು ಹೋಗಿ. ಸ್ಟ್ಯಾಂಡ್ ತೆಗೆದು ಎರಡು ಕಾಲ ಮೇಲೆ ಹಿಡಿದುಕೊಳ್ಳಿ. ಹ್ಯಾಂಡಲ್ ಬಲಕ್ಕೆ ಪೂರ್ತಿ ತಿರುಗಿಸಿ, ಎಡಗೈಯಲ್ಲಿ ಕ್ಲಚ್ ಕೊನೆವರೆಗೆ ಒತ್ತಲು ಆಗುತ್ತಾ ನೋಡಿ. ಎಡಕ್ಕೂ ತಿರುಗಿಸಿ ಬಲಗೈ ನೋಡಿ. ಕೂತಲ್ಲಿಂದಲೇ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಸೀಟಿನ ಎತ್ತರ ಬರೆದಿರುತ್ತಾರೆ, ಅಗಲ ಬರೆದಿರುವುದಿಲ್ಲ. ಅಗಲ ಸೀಟು ತೊಡೆಗಳನ್ನು ದೂರ ಮಾಡುತ್ತದೆ, ಕಾಲು ಅಷ್ಟು ಗಿಡ್ಡವಾದಂತೆ.

ಉತ್ತರ 2

ನಾನು ಬೈಕ್ ಕಲಿಸುವವನು. ಮೊದಲಿಗೆ, ನಿಮಗೆ ಆ ಮಾತು ಹೇಳಿದ್ದು ತಪ್ಪು. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಹಿಡಿದರೆ ಭಾರವೆಲ್ಲ ಮುಂದಕ್ಕೆ ಬಂದು ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗ್ ಇರುವ ಕೊಳವೆಗಳು) ಕುಗ್ಗುತ್ತದೆ, ಗಾಡಿ ತಿರುಗಿದ ಕಡೆಗೇ ವಾಲುತ್ತದೆ. ಆರಡಿ ಆಳಾದರೂ ಬೀಳುತ್ತಾನೆ. ಇದಕ್ಕೂ ನಿಮ್ಮ ತೋಳಿನ ಬಲಕ್ಕೂ ಸಂಬಂಧ ಇಲ್ಲ. ನಿಧಾನವಾಗಿ ತಿರುಗುವಾಗ ಹಾಫ್ ಕ್ಲಚ್ (ಕ್ಲಚ್ ಅರ್ಧ ಮಾತ್ರ ಒತ್ತಿದ್ದು), ಒಂದೇ ಸಮ ಸ್ವಲ್ಪ ಆಕ್ಸಿಲರೇಟರ್, ಹಿಂದಿನ ಬ್ರೇಕ್ ಮೇಲೆ ಹಗುರವಾಗಿ ಕಾಲು. ಕಣ್ಣು ಹೋಗಬೇಕಾದ ಕಡೆಗೆ, ಮುಂದಿನ ಚಕ್ರದ ಕಡೆಗಲ್ಲ. ಬಲಗೈಯ ಬೆರಳುಗಳು ಮುಂದಿನ ಬ್ರೇಕ್ ಮೇಲೆ ಇರಲೇಬಾರದು.

ಎತ್ತುವುದಕ್ಕೂ ರೀತಿ ಇದೆ. ಎಳೆಯಬಾರದು. ಇಂಜಿನ್ ಆಫ್ ಮಾಡಿ, ಚಕ್ರ ಉರುಳದಂತೆ ಮೊದಲನೇ ಗೇರ್‌ನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿ, ಇಲ್ಲದಿದ್ದರೆ ಎತ್ತಿದ ಗಾಡಿ ಎಡಗಡೆಗೆ ಉರುಳುತ್ತದೆ. ಹ್ಯಾಂಡಲ್ ನೆಲದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಮಾಡಿ, ಸೊಂಟದ ಕೆಳಭಾಗ ಸೀಟಿಗೆ ಒತ್ತುವಂತೆ ಕುಕ್ಕರಗಾಲಲ್ಲಿ ಕೂರಿ. ಒಂದು ಕೈ ಕೆಳಗಿನ ಹ್ಯಾಂಡಲ್ ತುದಿಗೆ, ಇನ್ನೊಂದು ಹಿಂದಿನ ಗಟ್ಟಿ ಕಬ್ಬಿಣಕ್ಕೆ. ಬೆನ್ನು ನೆಟ್ಟಗಿಟ್ಟು, ತೊಡೆಯ ಬಲದಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಹಿಂದಕ್ಕೆ ಇಡುತ್ತಾ ಹೋಗಿ. ನನ್ನ ಹತ್ತಿರ ಕಲಿತ 50 ಕೆ.ಜಿ. ಹುಡುಗಿಯರು ಹೀಗೇ ಎತ್ತಿದ್ದಾರೆ. ಮೊದಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹುಲ್ಲಿನ ಮೇಲೆ ಅಭ್ಯಾಸ ಮಾಡಿ.

ಬೈಕ್ ವಿಷಯ. ಮೀಟಿಯರ್, ರೆಬೆಲ್ 500 ಎರಡರ ತೂಕ ಹೆಚ್ಚುಕಡಿಮೆ ಒಂದೇ. ಮೀಟಿಯರ್‌ನ ಎರಡು ಚಕ್ರಗಳ ನಡುವಿನ ದೂರ 1400 ಮಿ.ಮೀ., ರೆಬೆಲ್‌ನದ್ದು ಸುಮಾರು 1490. ಬರೀ ಈ ಲೆಕ್ಕದಲ್ಲಿ ಮೀಟಿಯರ್ ಚಿಕ್ಕ ಜಾಗದಲ್ಲಿ ತಿರುಗಬೇಕು. ಇಂಜಿನ್ ಕೂಡ 20 ಎಚ್‌ಪಿ ಅಷ್ಟೇ, ತಪ್ಪಾದರೂ ತಡೆದುಕೊಳ್ಳುತ್ತದೆ. ಆದರೆ 765 ಮಿ.ಮೀ. ಸೀಟಿನಲ್ಲಿ ನಿಮ್ಮ ಪಾದದ ಮುಂಭಾಗ ಮಾತ್ರ ಊರಬಹುದು. ರೆಬೆಲ್ 300 ನಿಮ್ಮ ಪಟ್ಟಿಯಲ್ಲಿ ಯಾಕಿಲ್ಲ? ಅದೇ 690 ಮಿ.ಮೀ. ಸೀಟು, 286 ಸಿಸಿ, ತೂಕ 20 ಕೆ.ಜಿ.ಯಷ್ಟು ಕಡಿಮೆ. 200 ಕಿ.ಮೀ. ದಿನಕ್ಕೆ ಅದು ಧಾರಾಳ ಸಾಕು.

ಸೀಟು ಎತ್ತರ ಅಂತ ಸಸ್ಪೆನ್ಷನ್ ಇಳಿಸುವ (ಶಾಕ್ ಅಬ್ಸಾರ್ಬರ್ ಬದಲಿಸಿ ಇಡೀ ಗಾಡಿ ತಗ್ಗಿಸುವ) ಕೆಲಸ ಮಾತ್ರ ಈಗಲೇ ಬೇಡ. ತಿರುವಿನಲ್ಲಿ ವಾಲಿದಾಗ ಫುಟ್‌ರೆಸ್ಟ್ ಬೇಗ ನೆಲಕ್ಕೆ ಉಜ್ಜುತ್ತದೆ. ಸೈಡ್ ಸ್ಟ್ಯಾಂಡ್ ಉದ್ದ ಹೆಚ್ಚಾಗಿ ಗಾಡಿ ಸರಿಯಾಗಿ ಒರಗಿ ನಿಲ್ಲುವುದಿಲ್ಲ.

ಉತ್ತರ 3

ನನ್ನ ಹತ್ತಿರ ವಲ್ಕನ್ ಎಸ್ ಇದೆ. ಫುಟ್‌ರೆಸ್ಟ್ ಮೂರು ಜಾಗದಲ್ಲಿ ಕೂರಿಸಬಹುದು, ಗಿಡ್ಡ ಇರುವವರಿಗೆ ಬೇರೆ ಸೀಟು, ಬೇರೆ ಹ್ಯಾಂಡಲ್ ಸಿಗುತ್ತದೆ. ಹೊರಟ ಮೇಲೆ ತೂಕ ಗೊತ್ತೇ ಆಗುವುದಿಲ್ಲ. ನಿಲ್ಲಿಸಿ ತಳ್ಳುವಾಗ ಮಾತ್ರ ಪ್ರತಿ ಕೆ.ಜಿ.ಯೂ ಗೊತ್ತಾಗುತ್ತದೆ. ನನಗೆ ಇದು ಎರಡನೇ ಬೈಕ್. ಮೊದಲನೆಯದಾಗಿದ್ದರೆ ಕಷ್ಟಪಡುತ್ತಿದ್ದೆ, ಅಕ್ಕ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಅದೇ 140 ಕೆ.ಜಿ. ಬೈಕನ್ನು ಹುಲ್ಲಿನ ಮೇಲೆ ಮಲಗಿಸಿ ಎತ್ತಿದೆ. ಮೊದಲ ಎರಡು ಸಲ ಕಾಲು ಜಾರಿತು. ಮೂರನೇ ಸಲ ಎದ್ದು ನಿಂತಿತು! ಕಣ್ಣಲ್ಲಿ ನೀರು ಬಂತು. ಆಮೇಲೆ ಇನ್ನೆರಡು ಸಲ ಎತ್ತಿದೆ.

ಮೂರೂ ಬೈಕ್ ಮೇಲೆ ಬೂಟು ಹಾಕಿಕೊಂಡು ಕೂತೆ. ಮೀಟಿಯರ್ ಮನಸ್ಸಿಗೆ ತುಂಬಾ ಹಿಡಿಸಿತು, ಹ್ಯಾಂಡಲ್ ಸುಲಭವಾಗಿ ಸಿಕ್ಕಿತು. ಆದರೆ ಹಿಂದಕ್ಕೆ ತಳ್ಳುವಾಗ ಕಾಲ್ಬೆರಳ ತುದಿಯಲ್ಲಿ ಬಲ ಸಾಲಲಿಲ್ಲ. ವಲ್ಕನ್ ಮೇಲೆ ನಾಲ್ಕು ಹೆಜ್ಜೆಗೇ ಸುಸ್ತಾದೆ. ರೆಬೆಲ್ 500 ಹತ್ತು ಹೆಜ್ಜೆ ಹಿಂದಕ್ಕೆ ಬಂತು, ಎರಡು ಪಾದವೂ ಊರಿತ್ತು. ಈ ಭಾನುವಾರ 300, 500 ಎರಡನ್ನೂ ಅರ್ಧರ್ಧ ಗಂಟೆ ಓಡಿಸಿ ನೋಡುತ್ತೇನೆ. ನಿಜ ಹೇಳಬೇಕೆಂದರೆ ಮನಸ್ಸು ಆಗಲೇ 300 ಕಡೆಗಿದೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ನನ್ನ ಬೆರಳು ಗಿಡ್ಡ, ಕ್ಲಚ್ ಲಿವರ್ ದೂರ ಅನ್ನಿಸಿತು. ಕೇಬಲ್ ಸಡಿಲ ಮಾಡಿದರೆ ಹತ್ತಿರ ಬರುತ್ತಾ?

ಉತ್ತರ 2 ಬರೆದವರು

ಎತ್ತಿದ್ದು ಓದಿ ಬಹಳ ಖುಷಿಯಾಯಿತು. ಕೇಬಲ್ ಮುಟ್ಟಬೇಡಿ. ಸಡಿಲ ಮಾಡಿದರೆ ಲಿವರ್ ಹತ್ತಿರ ಬರುವುದಿಲ್ಲ, ಕ್ಲಚ್ ಪೂರ್ತಿ ಬಿಡದೆ ಗೇರ್ ಕಚ್ಚಿಕೊಳ್ಳುತ್ತದೆ. ದೂರ ಹೊಂದಿಸಿಕೊಳ್ಳುವ ಲಿವರ್ ಬೇರೆಯೇ ಸಿಗುತ್ತದೆ. ಆ ಬೈಕ್‌ಗೆಂದೇ ಮಾಡಿದ್ದನ್ನು ತಗೊಂಡು ಹಾಕಿಸಿ. ಭಾನುವಾರ ಓಡಿಸುವಾಗ ನಿಲ್ಲಿಸಿ ಹೊರಡುವುದನ್ನೇ ಹತ್ತು ಸಲ ಮಾಡಿ, ಕೈ ನೋಯುತ್ತಾ ನೋಡಿಕೊಳ್ಳಿ.