ಸಹಾಯ ಬೇಕು: ರಭಸದ ನೀರಿನಲ್ಲಿ ಕ್ಯಾನೋ ನಡೆಸಲು ಯಾವ ಪಾದರಕ್ಷೆ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ದಾಂಡೇಲಿಯ ಕಾಳಿ ನದಿಯಲ್ಲಿ ಕ್ಯಾನೋ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ನಡೆಸುವುದನ್ನು ಕಲಿಯುತ್ತಿದ್ದೇನೆ. ಇದಕ್ಕೆ ತಕ್ಕ ಪಾದರಕ್ಷೆ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿ ಸಿಗುತ್ತದೆ, ದಯವಿಟ್ಟು ತಿಳಿಸಿ.

ರಭಸದ ನೀರಿನಲ್ಲಿ ಮಂಡಿಯೂರಿ, ಪಾದಗಳನ್ನು ಆಸನದ ಕೆಳಗೆ ಹಿಂದಕ್ಕೆ ಚಾಚಿ ಕೂರಬೇಕು. ದಪ್ಪ ಅಟ್ಟೆಯ ಬೂಟು ಅಲ್ಲಿ ಬಾಗುವುದಿಲ್ಲ. ದೋಣಿ ಮಗುಚಿದಾಗ ಆಸನಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಉದ್ದ ಲೇಸಿನದೂ ಅದೇ ಭಯ. ಹವಾಯಿ ಚಪ್ಪಲಿಯಂತೂ ಬೇಡವೇ ಬೇಡ, ನೀರಿಗೆ ಬಿದ್ದೊಡನೆ ಕಳಚಿಹೋಗುತ್ತದೆ. ಬೆರಳು ಮುಚ್ಚುವ, ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ, ಪಾಚಿಗಟ್ಟಿದ ಬಂಡೆಯ ಮೇಲೆ ಜಾರದ ತೆಳು ರಬ್ಬರ್ ಅಟ್ಟೆಯದು ಬೇಕು.

ನಿಯೋಪ್ರೀನ್ (ಮೆತ್ತಗೆ ಹಿಗ್ಗುವ ಕೃತಕ ರಬ್ಬರ್) ಬೂಟಿಯತ್ತ ಮನಸ್ಸು ವಾಲಿದೆ. ನಮ್ಮ ಬಿಸಿಲಿಗೆ ಅದರೊಳಗೆ ಕಾಲು ಬೇಯುವುದಿಲ್ಲವೇ? ಬಳಸಿದವರು ಹೇಳಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಅಳತೆ ಹೇಗೆ ನೋಡಬೇಕು?