ಅಪ್‌ಡೇಟ್: 21 ಅಂಕಿಯ ಆ ಸಂಖ್ಯೆ ಕೊನೆಗೂ ಒಡೆಯಿತು

ಹೋದ ವಾರ ನಾನು ಕೇಳಿದ್ದು ಇದು: 67 ಅವಿಭಾಜ್ಯ ಸಂಖ್ಯೆ. ಹಾಗಾದರೆ 2ರ 67ನೇ ಘಾತದಿಂದ 1 ಕಳೆದಾಗ ಬರುವ 147573952589676412927 ಕೂಡ ಅವಿಭಾಜ್ಯವೇ ಅಲ್ವಾ? ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಅದು ಅವಿಭಾಜ್ಯ ಅಲ್ಲ.

ಘಾತ ಅವಿಭಾಜ್ಯವಾದರೆ ಉತ್ತರವೂ ಅವಿಭಾಜ್ಯ ಎಂಬ ನನ್ನ ಊಹೆ 11ರಲ್ಲೇ ಬಿದ್ದುಹೋಗುತ್ತದೆ: 2ರ 11ನೇ ಘಾತದಿಂದ 1 ಕಳೆದರೆ 2047, ಅಂದರೆ 23 × 89. ಫ್ರೆಂಚ್ ಗಣಿತಜ್ಞ ಮರ್ಸೆನ್ 1644ರಲ್ಲಿ, ಹೀಗೆ ಅವಿಭಾಜ್ಯ ಸಂಖ್ಯೆ ಕೊಡುವ ಘಾತಗಳ ತನ್ನ ಪಟ್ಟಿಗೆ 67ನ್ನೂ ಸೇರಿಸಿದ್ದ. 1876ರಲ್ಲಿ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಲೂಕಾಸ್ ಅದು ತಪ್ಪು ಎಂದು ತೋರಿಸಿದ, ಆದರೆ ಅಪವರ್ತನ ಸಿಕ್ಕಿರಲಿಲ್ಲ. ಅಪವರ್ತನವೇ ಗೊತ್ತಿಲ್ಲದೆ ಹೀಗೆ ಹೇಳಬಹುದು ಅನ್ನೋದು ನನಗೆ ಈಗಲೂ ಬೆರಗು. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಕೊಟ್ಟ ಉತ್ತರ: 193707721 × 761838257287.

ಕ್ಯಾಲ್ಕುಲೇಟರ್ ಮುಟ್ಟದೆ, ಚೌಕುಳಿ ಹಾಳೆಯಲ್ಲಿ ಗುಣಿಸಲು ಕೂತೆ. ಮುಗಿದ ಮೇಲೆ ಅಂಕಿಗಳನ್ನು ಕೂಡಿ ತಾಳೆ ನೋಡಿದೆ. ಮೊದಲನೆಯದರ ಮೊತ್ತ 37, ಮತ್ತೆ ಕೂಡಿದರೆ 10, ಕೊನೆಗೆ 1. ಎರಡನೆಯದು 64, ಅದೂ ಕೊನೆಗೆ 1. 1 × 1 = 1 ಆದ್ದರಿಂದ ಗುಣಲಬ್ಧಕ್ಕೂ 1 ಬರಬೇಕು, ನನಗೆ 8 ಬಂತು! ಹುಡುಕಿದರೆ ಒಂದು ಕಡೆ ಕೈಯಲ್ಲಿದ್ದ 2 ಕೂಡಿಸಲು ಮರೆತಿದ್ದೆ. ಸರಿಪಡಿಸಿದ ಮೇಲೆ ಮೊತ್ತ 109, ಅಂದರೆ 1. ಅಂಕಿ ಅಂಕಿಯೂ ಹೊಂದಿತು. ತುಂಬಾ ಖುಷಿಯಾಯಿತು.

ಒಬ್ಬರು ಹೇಳಿದ ನಿಯಮವನ್ನೂ ನೋಡಿದೆ: ಘಾತ 67 ಆದ್ದರಿಂದ ಪ್ರತಿ ಅಪವರ್ತನವನ್ನೂ ಅದರ ಎರಡರಷ್ಟು, ಅಂದರೆ 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಚಿಕ್ಕದಕ್ಕೆ ಭಾಗಲಬ್ಧ 1445580, ದೊಡ್ಡದಕ್ಕೆ 5685360129. ಎರಡಕ್ಕೂ ಶೇಷ 1.