ಡ್ಯೂರರ್‌ನ ಘೇಂಡಾಮೃಗದ ಹೆಗಲ ಮೇಲೆ ಇನ್ನೊಂದು ಕೊಂಬು ಬಂದದ್ದು ಎಲ್ಲಿಂದ?

ಪ್ರಶ್ನೆ: ಚಿತ್ರದ ಮೇಷ್ಟ್ರು, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಘೇಂಡಾಮೃಗದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆ. ಮೊದಲನೆಯದು ಮೊಹೆಂಜೊದಾರೊದ ಬಳಪದ ಕಲ್ಲಿನ ಮುದ್ರೆಯ ಛಾಯಾಚಿತ್ರ. ಎರಡನೆಯದು ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ಮರದ ಹಲಗೆಯಿಂದ ಅಚ್ಚು ಹಾಕಿಸಿದ ಚಿತ್ರ. ಮುದ್ರೆ ಬೆಂಕಿಪೊಟ್ಟಣದಷ್ಟೂ ದೊಡ್ಡದಲ್ಲ. ಆದರೂ ಅದನ್ನು ಕೆತ್ತಿದವನು ಕುತ್ತಿಗೆಯ ಮಡಿಕೆ, ಜೋತುಬಿದ್ದ ಹೊಟ್ಟೆ, ಮೂಗಿನ ಮೇಲಿನ ಒಂದೇ ಕೊಂಬು, ಮುಂದಿಟ್ಟ ಬಾನಿ, ಇಷ್ಟನ್ನೂ ತಪ್ಪಿಲ್ಲದೆ ತೋರಿಸಿದ್ದಾನೆ. ಡ್ಯೂರರ್‌ನ ಪ್ರಾಣಿಯಾದರೋ ಕಬ್ಬಿಣದ ತಗಡುಗಳನ್ನು ರಿವೆಟ್ಟು ಹೊಡೆದು ಜೋಡಿಸಿದಂತೆ ಕಾಣುತ್ತದೆ. ಅದನ್ನು ನೋಡಿ ಒಬ್ಬ ಹುಡುಗಿ, "ಸರ್, ಇದರ ಹೆಗಲ ಮೇಲೆ ಇನ್ನೊಂದು ಸಣ್ಣ ಕೊಂಬು ಏಕಿದೆ?" ಎಂದು ಕೇಳಿದಳು. ನನಗೆ ತೃಪ್ತಿಯಾಗುವಂತೆ ಉತ್ತರಿಸಲು ಆಗಲಿಲ್ಲ.

ಬಲ್ಲವರು ತಿಳಿಸಬೇಕು: ಅಷ್ಟು ದೊಡ್ಡ ಕಲಾವಿದ ಇಂಥ ತಪ್ಪು ಮಾಡಿದ್ದು ಹೇಗೆ, ಮತ್ತು ಆ ತಪ್ಪು ಚಿತ್ರವನ್ನೇ ಜನ ಬಹುಕಾಲ ನಂಬಿದ್ದು ಏಕೆ? ಬುದ್ಧನ ಮಾತಿನಲ್ಲಿ ಬರುವ "ಒಂಟಿಯಾಗಿ ಸಂಚರಿಸು" ಎಂಬ ಹೋಲಿಕೆ ಈ ಪ್ರಾಣಿಗೆ ಸಂಬಂಧಿಸಿದ್ದೋ ಅಥವಾ ಅದರ ಕೊಂಬಿಗೋ? ಕೊನೆಯದಾಗಿ, ಮನುಷ್ಯ ಇದರ ಬಗ್ಗೆ ಮಾಡಿಕೊಂಡ ಕಲ್ಪನೆಗಳಿಗೂ ಅದರ ಬೇಟೆಗೂ ಸಂಬಂಧವಿದೆಯೇ?

ಉತ್ತರ: ಅಚ್ಚಿನ ಚಿತ್ರಗಳ ಅಭ್ಯಾಸಿ, ಮೈಸೂರು

ಮೇಷ್ಟ್ರೇ, ಡ್ಯೂರರ್ ಆ ಪ್ರಾಣಿಯನ್ನು ಕಣ್ಣಾರೆ ಕಂಡವನೇ ಅಲ್ಲ. ಲಿಸ್ಬನ್ನಿನಿಂದ ಬಂದ ಒಂದು ವರದಿ, ಅದರ ಜೊತೆಗೆ ಯಾರೋ ಬರೆದ ಒಂದು ರೇಖಾಚಿತ್ರ, ಅವನ ಬಳಿ ಇದ್ದದ್ದು ಇಷ್ಟೇ. ಅಚ್ಚಿನ ಮೇಲ್ಭಾಗದಲ್ಲಿ ಅವನು ಹಾಕಿಸಿದ ಒಕ್ಕಣೆಯಲ್ಲಿ ಪ್ರಾಣಿ ಬಂದ ವರ್ಷವೇ 1513 ಎಂದು ತಪ್ಪಾಗಿ ನಮೂದಾಗಿದೆ.

ಅದರ ನಿಜವಾದ ಕಥೆ ನಮ್ಮ ನೆರೆಯಲ್ಲೇ ಆರಂಭವಾಗುತ್ತದೆ. ಪೋರ್ಚುಗೀಸರ ಗವರ್ನರ್ ಅಫೊನ್ಸೊ ದ ಅಲ್ಬುಕರ್ಕ್ ದೀವ್‌ನಲ್ಲಿ ಕೋಟೆ ಕಟ್ಟಲು ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಷಾನ ಅನುಮತಿ ಕೇಳಿದಾಗ, ಸುಲ್ತಾನನು ಕೋಟೆಗೆ ಒಪ್ಪದೆ, ಬಂದ ದೂತರ ಕೈಯಲ್ಲಿ ಉಡುಗೊರೆಗಳನ್ನು ಕೊಟ್ಟು ಕಳುಹಿಸಿದನು. 1514ರ ಆ ಉಡುಗೊರೆಗಳಲ್ಲಿ ಈ ಘೇಂಡಾಮೃಗವೂ ಇತ್ತು. ಅಲ್ಬುಕರ್ಕ್ ಅದನ್ನು ಗೋವೆಯಿಂದ ಹಡಗು ಹತ್ತಿಸಿ ತನ್ನ ದೊರೆ ಮನುಯೆಲ್‌ನಿಗೆ ಕಳುಹಿಸಿದನು. 1515ರ ಮೇ 20ರಂದು ಅದು ಲಿಸ್ಬನ್ ತಲುಪಿತು. ಗುಜರಾತಿಗಳ ಬಾಯಲ್ಲಿದ್ದ ಹೆಸರನ್ನೇ ಕೇಳಿಕೊಂಡು ಪೋರ್ಚುಗೀಸರು ಅದನ್ನು "ಗಂಡ" ಎಂದು ಕರೆದರು. ನಾವು ಇಂದಿಗೂ "ಘೇಂಡಾ" ಎನ್ನುವಾಗ ಅದೇ ಹೆಸರನ್ನು ಉಚ್ಚರಿಸುತ್ತಿದ್ದೇವೆ.

ಆನೆಗೂ ಘೇಂಡಾಮೃಗಕ್ಕೂ ಹುಟ್ಟುವೈರ ಎಂದು ರೋಮಿನ ಪ್ಲಿನಿ ಬರೆದಿದ್ದನ್ನು ಪರೀಕ್ಷಿಸಲು ದೊರೆಯು ಜೂನ್ 3ರಂದು ಇದನ್ನು ಒಂದು ಮರಿಯಾನೆಯ ಎದುರು ನಿಲ್ಲಿಸಿದನು. ಆನೆ ಬೆದರಿ ಓಡಿತು. ಪ್ಲಿನಿಯ ಮಾತು ನಿಜವೆಂದು ಎಲ್ಲರೂ ಒಪ್ಪಿಕೊಂಡರು. ಹತ್ತು ವರ್ಷಗಳ ನಂತರ, 1525ರಲ್ಲಿ, ಪೆಷಾವರದ ಬಳಿ ಬೇಟೆಯಾಡುತ್ತಿದ್ದ ಬಾಬರ್‌ನ ಮನಸ್ಸಿನಲ್ಲಿಯೂ ಇದೇ ಕುತೂಹಲವಿತ್ತು. ಅಲ್ಲಿ ಮಾವುತರು ಆನೆಗಳನ್ನು ಮುಂದೆ ನಡೆಸಿದಾಗ ಘೇಂಡಾಮೃಗವು ಎದುರು ನಿಲ್ಲದೆ ಬೇರೆ ದಿಕ್ಕಿಗೆ ಹೊರಟುಹೋಯಿತು ಎಂದು ಅವನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ; ಅದು ಆನೆಯನ್ನು ಕೊಂಬಿನಲ್ಲಿ ಎತ್ತಬಲ್ಲದು ಎಂಬ ಹೇಳಿಕೆ ಬಹುಶಃ ತಪ್ಪು ಎಂದೂ ಬರೆದಿದ್ದಾನೆ. ಡ್ಯೂರರ್‌ನ ಒಕ್ಕಣೆಯಾದರೋ ಪ್ಲಿನಿಯನ್ನೇ ಅನುಸರಿಸಿ, ಇದು ಆನೆಯ ಹೊಟ್ಟೆ ಸೀಳಿ ಕೊಲ್ಲುತ್ತದೆ ಎನ್ನುತ್ತದೆ. ಹಾಗೆ ಕಾದಾಡುವ ಪ್ರಾಣಿಗೆ ಕವಚ ತೊಡಿಸಬೇಕೆಂದು ಅವನಿಗೆ ತೋಚಿದ್ದರೆ ಆಶ್ಚರ್ಯವಿಲ್ಲ. ಹೆಗಲ ಮೇಲಿನ ಪುಟ್ಟ ಕೊಂಬೂ, ನನ್ನ ಅಭಿಪ್ರಾಯದಲ್ಲಿ, ಆ ರೇಖಾಚಿತ್ರದಲ್ಲಿ ಚರ್ಮದ ಮಡಿಕೆ ಉಬ್ಬಿ ನಿಂತ ಜಾಗವನ್ನು ತಪ್ಪಾಗಿ ಗ್ರಹಿಸಿದ್ದರಿಂದ ಬಂದದ್ದು.

ಅದೇ ವರ್ಷ ಆಗ್ಸ್‌ಬರ್ಗಿನ ಹಾನ್ಸ್ ಬರ್ಗ್‌ಕ್ಮೈರ್ ಎಂಬವನೂ ಇದೇ ಪ್ರಾಣಿಯ ಅಚ್ಚುಚಿತ್ರ ಮಾಡಿದನು. ಅದರಲ್ಲಿ ಕವಚವಿಲ್ಲ, ಎರಡನೆಯ ಕೊಂಬಿಲ್ಲ; ಮುಂಗಾಲುಗಳಿಗೆ ಹಗ್ಗ ಬಿಗಿದಿದೆ. ಅದರ ಒಂದೇ ಒಂದು ಪ್ರತಿ ಈಗ ವಿಯೆನ್ನಾದಲ್ಲಿ ಉಳಿದಿದೆ. ಡ್ಯೂರರ್‌ನದು ಮತ್ತೆ ಮತ್ತೆ ಅಚ್ಚಾಯಿತು. 1551ರಲ್ಲಿ ಕಾನ್ರಾಡ್ ಗೆಸ್ನರ್ ತನ್ನ ಪ್ರಾಣಿಶಾಸ್ತ್ರದ ಗ್ರಂಥದಲ್ಲಿ ಅದನ್ನೇ ಬಳಸಿಕೊಂಡ ಮೇಲೆ ಅದು ಪಾಠದ ಚಿತ್ರವೇ ಆಯಿತು. ಬಂಗಾಳದಿಂದ 1741ರಲ್ಲಿ ಹಾಲೆಂಡಿಗೆ ಬಂದು, ಹದಿನೇಳು ವರ್ಷ ಯೂರೋಪಿನ ಊರೂರು ತಿರುಗಿದ ಕ್ಲಾರಾ ಎಂಬ ಹೆಣ್ಣು ಘೇಂಡಾಮೃಗವನ್ನು ಜನ ಸ್ವತಃ ನೋಡುವವರೆಗೆ ಆ ಚಿತ್ರದ ಮೇಲಿನ ನಂಬಿಕೆ ಅಲುಗಾಡಲಿಲ್ಲ. ಫ್ರಾನ್ಸಿನ ಊದ್ರಿ 1749ರಲ್ಲಿ ಕ್ಲಾರಾಳನ್ನು ನಿಜಗಾತ್ರದಲ್ಲಿ ಚಿತ್ರಿಸಿದನು. ನಿಮ್ಮ ಮಕ್ಕಳಿಗೆ ಮೂರನೆಯದಾಗಿ ಅದನ್ನು ತೋರಿಸಬಹುದು.

ಗೋವೆಯಿಂದ ಹೋದ ಆ ಪ್ರಾಣಿಯ ಕೊನೆಯನ್ನು ಹೇಳದಿರಲು ಮನಸ್ಸು ಒಪ್ಪುವುದಿಲ್ಲ. ದೊರೆ ಅದನ್ನು ಪೋಪ್ ಹತ್ತನೆಯ ಲಿಯೊಗೆ ಕಾಣಿಕೆಯಾಗಿ ಕಳುಹಿಸಿದನು. 1516ರ ಆರಂಭದಲ್ಲಿ ಇಟಲಿಯ ತೀರದ ಬಳಿ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು. ಪ್ರಾಣಿಯನ್ನು ಸರಪಳಿಯಿಂದ ಬಿಗಿದಿದ್ದರಿಂದ ಅದು ಅಲ್ಲಿಯೇ ಸತ್ತಿತು.

ಉತ್ತರ: ಜೋರ್ಹಾಟ್‌ನಲ್ಲಿ ನೌಕರಿ ಮಾಡಿದವನು

ಮೈಸೂರಿನವರ ಉತ್ತರದಿಂದ ಬಹಳಷ್ಟು ತಿಳಿಯಿತು. ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಅಸ್ಸಾಮಿನಲ್ಲಿದ್ದ ವರ್ಷಗಳಲ್ಲಿ ನಾನು ಹಲವು ಬಾರಿ ಕಾಜಿರಂಗಕ್ಕೆ ಹೋಗಿದ್ದೇನೆ. ಒಂದು ಚಳಿಗಾಲದ ಬೆಳಿಗ್ಗೆ, ಬಾಗೊರಿ ವಲಯದಲ್ಲಿ, ನಮ್ಮ ಜೀಪಿನಿಂದ ಹತ್ತು ಮಾರು ದೂರದಲ್ಲಿ ಒಂದು ಗಂಡು ಘೇಂಡಾಮೃಗ ಕೆಸರಿನಿಂದ ಎದ್ದು ಬಂದು ಅಡ್ಡಲಾಗಿ ನಿಂತಿತು. ಮಂಜು ಕರಗಿ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಆಗ ಅದರ ಹೆಗಲ ಮೇಲೆ, ತೊಡೆಯ ಹಿಂಭಾಗದಲ್ಲಿ, ಗುಂಡುಗುಂಡಾದ ಗಂಟುಗಳು ಸಾಲುಸಾಲಾಗಿ ಎದ್ದುಕಂಡವು. ಚರ್ಮದ ಮಡಿಕೆಗಳ ಒಳಗೆ ಒಣಗದ ಕೆಸರು ಕಪ್ಪಗೆ ಗೆರೆ ಎಳೆದಂತೆ ಕುಳಿತಿತ್ತು. ಮಡಿಕೆಯ ಅಂಚು ಬೇರೆ, ಒಳಗಿನ ಚರ್ಮ ಬೇರೆ ಎಂಬಂತೆ ತೋರುತ್ತಿತ್ತು. ಡ್ಯೂರರ್ ತಗಡಿಗೆ ಬಡಿದ ರಿವೆಟ್ಟುಗಳು ಬರಿಯ ಕಲ್ಪನೆಯಲ್ಲ, ಲಿಸ್ಬನ್ನಿನಲ್ಲಿ ಅದನ್ನು ನೋಡಿ ಬರೆದವನು ಈ ಗಂಟುಗಳನ್ನು ಗಮನಿಸಿಯೇ ಬರೆದಿರಬೇಕು ಎಂದು ನನಗೆ ಅಂದೇ ಅನ್ನಿಸಿತು. ಆದ್ದರಿಂದ ಎರಡನೆಯ ಕೊಂಬನ್ನು ತಪ್ಪೆಂದು ಹೇಳಿ, ಆದರೆ ರಿವೆಟ್ಟುಗಳನ್ನು ಬಿಟ್ಟುಬಿಡಿ.

ಇನ್ನು ಕೊಂಬಿನ ವಿಚಾರ. ಭಾರತದ ಘೇಂಡಾಮೃಗ ಜಗಳಕ್ಕೆ ನಿಂತಾಗ ಮುಖ್ಯವಾಗಿ ಬಳಸುವುದು ಕೊಂಬನ್ನಲ್ಲ, ಕೆಳದವಡೆಯ ಎರಡು ಚೂಪಾದ ಬಾಚಿಹಲ್ಲುಗಳನ್ನು. ಗಂಡುಗಳ ಮೈಮೇಲೆ ಕಾಣುವ ಉದ್ದುದ್ದ ಗಾಯಗಳು ಆ ಹಲ್ಲುಗಳು ಸೀಳಿದವು. ನಾವು ಕೊಂಬನ್ನೇ ಖಡ್ಗವೆಂದು ಭಾವಿಸಿ ಖಡ್ಗಮೃಗ ಎಂದು ಹೆಸರಿಟ್ಟೆವು. ಅದರ ಖಡ್ಗ ಬಾಯೊಳಗಿದೆ. ಕೊಂಬಿನಲ್ಲಿ ಎಲುಬಿಲ್ಲ. ಅದು ಒತ್ತಾಗಿ ಕೂಡಿಕೊಂಡ ಕೆರಾಟಿನ್, ಅಂದರೆ ನಮ್ಮ ಕೂದಲು, ಉಗುರುಗಳಲ್ಲಿರುವ ವಸ್ತುವೇ. ಮೇಷ್ಟ್ರು ಕೇಳಿದ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ: ಆ ಪ್ರಾಣಿಗೆ ಮುಖ್ಯ ಆಯುಧವೂ ಅಲ್ಲದ ಒಂದು ಅಂಗಕ್ಕೆ, ಚೀನಾದಲ್ಲಿ ಜ್ವರ ಇಳಿಸುವ ಔಷಧವೆಂದೂ, ಯೆಮೆನ್‌ನಲ್ಲಿ ಬಾಕುವಿನ ಹಿಡಿಯೆಂದೂ ಮನುಷ್ಯ ಬೆಲೆ ಕಟ್ಟಿದ್ದರಿಂದಲೇ ಇಡೀ ಪ್ರಾಣಿಯನ್ನು ಕೊಲ್ಲಲಾಯಿತು. ಅಂತರರಾಷ್ಟ್ರೀಯ ವ್ಯಾಪಾರ 1977ರಲ್ಲಿ ನಿಷೇಧಕ್ಕೆ ಒಳಗಾಯಿತು, 1993ರಲ್ಲಿ ಚೀನಾ ಈ ಕೊಂಬನ್ನು ತನ್ನ ಔಷಧಗಳ ಅಧಿಕೃತ ಪಟ್ಟಿಯಿಂದ ತೆಗೆಯಿತು. ಆದರೂ ಕಳ್ಳಮಾರಾಟ ನಿಲ್ಲಲಿಲ್ಲ.

ಕಾಜಿರಂಗ 1908ರಲ್ಲಿ ಮೀಸಲು ಅರಣ್ಯವಾದಾಗ ಅಲ್ಲಿ ಉಳಿದಿದ್ದ ಘೇಂಡಾಮೃಗಗಳು ಬೆರಳೆಣಿಕೆಯಷ್ಟು. 2022ರ ಗಣತಿಯಲ್ಲಿ 2,613 ಇದ್ದವು. ಈ ಏರಿಕೆಯ ಹಿಂದೆ ಅಲ್ಲಿನ ಸಹಜ ಕೆರೆಗಳ ದಂಡೆಯಲ್ಲಿ ಕಂಬಗಳ ಮೇಲೆ ನಿಂತ ಕ್ಯಾಂಪುಗಳಲ್ಲಿ ಮಳೆಗಾಲವಿಡೀ ಕಾವಲು ಕಾಯುವ ಸಿಬ್ಬಂದಿ ಇದ್ದಾರೆ. ಅಸ್ಸಾಮಿನಲ್ಲಿ ಆ ಕೆರೆಗಳಿಗೆ ಬೀಲ್ ಎನ್ನುತ್ತಾರೆ. ಬ್ರಹ್ಮಪುತ್ರ ಉಕ್ಕಿದಾಗ ಹುಲ್ಲುಗಾವಲು ಪೂರ್ತಿ ಮುಳುಗುತ್ತದೆ, ಪ್ರಾಣಿಗಳು ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಗುಡ್ಡಗಳತ್ತ ಹೊರಡುತ್ತವೆ. ದೊಡ್ಡ ಘೇಂಡಾಮೃಗಗಳು ಚೆನ್ನಾಗಿ ಈಜುತ್ತವೆ. ತಾಯಿಯಿಂದ ಅಗಲಿದ ಮರಿಗಳದೇ ಕಷ್ಟ. ಅಂಥ ಮರಿಗಳನ್ನು ಸಾಕಲು 2002ರಿಂದ ಅಲ್ಲಿಯೇ ಒಂದು ಪುನರ್ವಸತಿ ಕೇಂದ್ರವಿದೆ. ಅಲ್ಲಿ ಬೆಳೆದ ಕೆಲವನ್ನು ಮಾನಸ್ ಅರಣ್ಯಕ್ಕೆ ಬಿಡಲಾಗಿದೆ. ಹಾಗೆಂದು ಪ್ರವಾಹವನ್ನು ಶತ್ರುವೆಂದು ತಿಳಿಯಬಾರದು, ಬೀಲ್‌ಗಳಿಗೆ ಹೊಸ ನೀರು, ಹುಲ್ಲಿಗೆ ಹೊಸ ಮಣ್ಣು ಬರುವುದು ಅದರಿಂದಲೇ. ಹಡಗಿನಲ್ಲಿ ಸರಪಳಿಯಲ್ಲಿದ್ದ ಆ ಪ್ರಾಣಿಯ ಕಥೆ ಓದಿದಾಗ ನನಗೆ ನೆನಪಾದದ್ದು, ಮೂಗು ಮತ್ತು ಕಿವಿ ಮಾತ್ರ ನೀರಿನ ಮೇಲೆ ಕಾಣುವಂತೆ ಬೀಲ್ ದಾಟುತ್ತಿದ್ದ ಒಂದು ತಾಯಿ.

ಉತ್ತರ: ಪಾಲಿ ಓದುವವಳು, ಕಲಬುರಗಿ

ಮೇಷ್ಟ್ರ ಎರಡನೆಯ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ. ಬೌದ್ಧರ ಪಾಲಿ ಗ್ರಂಥವಾದ ಸುತ್ತನಿಪಾತದ ಖಗ್ಗವಿಸಾಣ ಸುತ್ತದಲ್ಲಿ 41 ಗಾಥೆಗಳಿವೆ. ಒಂದನ್ನು ಬಿಟ್ಟು ಉಳಿದವೆಲ್ಲ "ಏಕೋ ಚರೇ ಖಗ್ಗವಿಸಾಣಕಪ್ಪೋ", ಅಂದರೆ ಖಗ್ಗವಿಸಾಣದಂತೆ ಒಂಟಿಯಾಗಿ ಸಂಚರಿಸು, ಎಂದೇ ಮುಗಿಯುತ್ತವೆ. ಖಗ್ಗವಿಸಾಣದ ಸಂಸ್ಕೃತ ರೂಪ ಖಡ್ಗವಿಷಾಣ; ವಿಷಾಣ ಎಂದರೆ ಕೊಂಬು. ತೊಡಕಿರುವುದು ಸಮಾಸದಲ್ಲಿ. "ಖಡ್ಗದ ವಿಷಾಣ" ಎಂದು ತತ್ಪುರುಷವಾಗಿ ಬಿಡಿಸಿದರೆ ಘೇಂಡಾಮೃಗದ ಕೊಂಬು. "ಖಡ್ಗದಂಥ ವಿಷಾಣವುಳ್ಳದ್ದು" ಎಂದು ಬಹುವ್ರೀಹಿಯಾಗಿ ಬಿಡಿಸಿದರೆ ಘೇಂಡಾಮೃಗವೇ. ಸಂಸ್ಕೃತ ನಿಘಂಟಾದ ಅಮರಕೋಶದಲ್ಲಿ "ಗಂಡಕೇ ಖಡ್ಗಖಡ್ಗಿನೌ" (ಗಂಡಕ, ಅಂದರೆ ಘೇಂಡಾಮೃಗಕ್ಕೆ ಖಡ್ಗ, ಖಡ್ಗಿ ಎಂಬ ಹೆಸರುಗಳು) ಎಂದಿರುವುದರಿಂದ ಖಡ್ಗ ಎಂಬ ಒಂದೇ ಪದಕ್ಕೆ ಪ್ರಾಣಿ ಎಂಬ ಅರ್ಥ ಸಲ್ಲುತ್ತದೆ. ಪಾಲಿ ಅಟ್ಠಕಥೆ, ಅಂದರೆ ಹಳೆಯ ವ್ಯಾಖ್ಯಾನ, ಕೊಂಬಿನ ಅರ್ಥವನ್ನು ಹಿಡಿಯುತ್ತದೆ. ಜೈನರ ಕಲ್ಪಸೂತ್ರವೂ ಮಹಾವೀರನನ್ನು ಘೇಂಡಾಮೃಗದ ಕೊಂಬಿನಂತೆ ಏಕಾಕಿ ಎಂದು ವರ್ಣಿಸುತ್ತದೆ. ಬೇರೆ ಪ್ರಾಣಿಗಳಿಗೆ ಕೊಂಬು ಜೋಡಿಯಾಗಿ ಬರುವಾಗ ಇದಕ್ಕೆ ಒಂದೇ ಎಂಬುದು ಹೋಲಿಕೆಯ ಜೀವ ಎಂದು ನಾನು ಭಾವಿಸಿದ್ದೇನೆ.

ಹಾಗಿದ್ದರೂ ಪ್ರಾಣಿಯ ಅರ್ಥವನ್ನು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಇದೇ ಸುತ್ತದ ಗಾಂಧಾರಿ ಭಾಷೆಯ ಪಾಠವೊಂದು ಖರೋಷ್ಠಿ ಲಿಪಿಯಲ್ಲಿ, ಭೂರ್ಜಪತ್ರದ ಮೇಲೆ ಸಿಕ್ಕಿದ್ದು, ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಮೈಸೂರಿನವರು ಹೇಳಿದ, ಬಾಬರ್ ಘೇಂಡಾಮೃಗ ಬೇಟೆಯಾಡಿದ ಪೆಷಾವರ ಇದೇ ಗಾಂಧಾರದ ನಾಡು. ಅಂದರೆ ಆ ಗಾಥೆಗಳನ್ನು ಬರೆದುಕೊಂಡ ಭಿಕ್ಷುಗಳಿಗೆ ಈ ಪ್ರಾಣಿ ಪುಸ್ತಕದ ಮಾತಾಗಿರಲಿಲ್ಲ, ನದಿಯಂಚಿನ ಜೊಂಡಿನಲ್ಲಿ ಒಂಟಿಯಾಗಿ ಮೇಯುವುದನ್ನು ಕಂಡಿರಬಹುದು.

ಇನ್ನೊಂದು ಸಂಗತಿ. ಗುಪ್ತರ ಒಂದನೆಯ ಕುಮಾರಗುಪ್ತನ ಚಿನ್ನದ ನಾಣ್ಯವೊಂದರಲ್ಲಿ ರಾಜ ಕುದುರೆಯ ಮೇಲಿಂದ ಬಾಗಿ ಘೇಂಡಾಮೃಗಕ್ಕೆ ಕತ್ತಿ ಬೀಸುತ್ತಿದ್ದಾನೆ. ಅದರ ಬರಹದಲ್ಲಿ "ಖಡ್ಗತ್ರಾತಾ" ಎಂಬ ಶ್ಲೇಷೆಯಿದೆ: ಖಡ್ಗ ಹಿಡಿದು ಕಾಪಾಡುವವನು ಎಂದೂ ಆಗುತ್ತದೆ, ಖಡ್ಗಮೃಗದಿಂದ ಕಾಪಾಡುವವನು ಎಂದೂ ಆಗುತ್ತದೆ. ನಮ್ಮ ಕಡೆಯ ಬಸದಿಗಳಲ್ಲಿ ತೀರ್ಥಂಕರರ ಸಾಲನ್ನು ನೋಡುವಾಗ ಹನ್ನೊಂದನೆಯ ಶ್ರೇಯಾಂಸನಾಥನ ಲಾಂಛನವನ್ನು ಗಮನಿಸಿ, ಅದೂ ಘೇಂಡಾಮೃಗವೇ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ರಿವೆಟ್ಟುಗಳ ವಿಷಯವನ್ನು ನಾಳೆಯೇ ತರಗತಿಯಲ್ಲಿ ತಿದ್ದಿ ಹೇಳುತ್ತೇನೆ, ಏಕೆಂದರೆ ನಾನೂ ಅವನ್ನು ಕಲ್ಪನೆ ಎಂದೇ ಹೇಳಿಬಿಟ್ಟಿದ್ದೆ. ದಕ್ಷಿಣದಲ್ಲಿ ಈ ಪ್ರಾಣಿ ಎಂದಾದರೂ ಇತ್ತೇ ಎಂದು ಅದೇ ಹುಡುಗಿ ಕೇಳಿದ್ದಾಳೆ. ಅಸ್ಸಾಮಿನಲ್ಲಿ ಕೊಂಬುಗಳನ್ನು ಸುಟ್ಟರಂತೆ, ಅದು ಏಕೆ ಎಂಬುದನ್ನೂ ತಿಳಿಸಿ.

ಉತ್ತರ: ಜೋರ್ಹಾಟ್‌ನಲ್ಲಿ ನೌಕರಿ ಮಾಡಿದವನು

ನಮ್ಮ ಬಳ್ಳಾರಿಗೆ ದೂರವಲ್ಲದ ಕರ್ನೂಲು ಸೀಮೆಯ ಗುಹೆಗಳಲ್ಲಿ ಘೇಂಡಾಮೃಗದ ಕುಲದ ಪ್ರಾಣಿಯೊಂದರ ಪಳೆಯುಳಿಕೆ 19ನೆಯ ಶತಮಾನದಲ್ಲಿಯೇ ಸಿಕ್ಕಿದೆ. ಕರ್ನೂಲಿನ ಹೆಸರನ್ನೇ ಅದಕ್ಕೆ ಇಟ್ಟರು. ಮಹಾರಾಷ್ಟ್ರದ ದೈಮಾಬಾದ್‌ನಲ್ಲಿ 1974ರಲ್ಲಿ ದೊರೆತ ಕಂಚಿನ ಬೊಂಬೆಗಳಲ್ಲಿ ಆನೆ, ಎಮ್ಮೆಗಳ ಜೊತೆಗೆ ಗಾಲಿಯ ಮೇಲೆ ನಿಂತ ಒಂದು ಘೇಂಡಾಮೃಗವೂ ಇದೆ.

ಕೊಂಬು ಸುಟ್ಟದ್ದು 2021ರ ಸೆಪ್ಟೆಂಬರ್ 22ರಂದು, ಕಾಜಿರಂಗದ ಬಳಿಯ ಬೊಕಾಖಾತ್‌ನಲ್ಲಿ. ಸತ್ತ ಪ್ರಾಣಿಗಳಿಂದ ತೆಗೆದವು, ಕಳ್ಳರಿಂದ ವಶಪಡಿಸಿಕೊಂಡವು, ಹೀಗೆ ಸರಕಾರದ ಖಜಾನೆಗಳಲ್ಲಿ ವರ್ಷಗಟ್ಟಲೆ ಕಾವಲಿನಲ್ಲಿದ್ದ 2,479 ಕೊಂಬುಗಳನ್ನು ಜನರ ಎದುರಿನಲ್ಲಿ ಬೆಂಕಿಗೆ ಹಾಕಿದರು. ಖಜಾನೆಯಲ್ಲಿಟ್ಟು ಕಾಯುವವರೆಗೆ ಅದು ಬೆಲೆಬಾಳುವ ವಸ್ತು ಎಂದು ಸರಕಾರವೇ ಒಪ್ಪಿದಂತೆ ಆಗುತ್ತಿತ್ತು ಎಂಬುದು ನನ್ನ ತಿಳಿವಳಿಕೆ. ಮರುವರ್ಷ, 2022ರಲ್ಲಿ, ಅಸ್ಸಾಮಿನಲ್ಲಿ ಒಂದು ಘೇಂಡಾಮೃಗವೂ ಬೇಟೆಗೆ ಬಲಿಯಾಗಲಿಲ್ಲ. 1977ರ ನಂತರ ಹಾಗಾದದ್ದು ಅದೇ ಮೊದಲು. ಸುಟ್ಟದ್ದರಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ಕ್ಯಾಂಪುಗಳಲ್ಲಿ ರಾತ್ರಿಯಿಡೀ ಎಚ್ಚರವಿದ್ದವರ ಪಾಲು ಅದರಲ್ಲಿ ಬಹಳ ದೊಡ್ಡದು. ಮಕ್ಕಳು ಮುಂದಿನ ಸಲ ಘೇಂಡಾಮೃಗ ಬರೆಯುವಾಗ ಕೊಂಬಿನಿಂದ ಆರಂಭಿಸದೆ ಹೆಗಲಿನ ಗಂಟುಗಳಿಂದ ಆರಂಭಿಸಲಿ. ಸಾಧ್ಯವಾದರೆ ಆ ಚಿತ್ರಗಳನ್ನು ಇಲ್ಲಿ ಹಾಕಿ, ಮೇಷ್ಟ್ರೇ, ನೋಡಲು ಕಾದಿರುತ್ತೇನೆ.